ಸರ್ಕಲ್‌ನಲ್ಲಿ ಗಾಡಿ ಜಾರುತ್ತಾ? ತಪ್ಪು ರಸ್ತೆಯದೋ ಗಾಡಿಯದೋ ಪತ್ತೆ ಮಾಡುವುದು ಹೀಗೆ

ಸರ್ಕಲ್ ಸುತ್ತುವಾಗ ಗಾಡಿ ಜಾರಿದರೆ ಎಲ್ಲರೂ ಹೇಳುವ ಮಾತು ಒಂದೇ, ರೋಡ್ ಸರಿ ಇರಲಿಲ್ಲ ಅಂತ. ಕೆಲವು ಸಲ ಅದು ನಿಜ. ಕೆಲವು ಸಲ ರೋಡ್ ಚೆನ್ನಾಗೇ ಇರುತ್ತದೆ, ಟೈರ್ ಬೋಳಾಗಿರುತ್ತದೆ. ಇನ್ನು ಕೆಲವು ಸಲ ಎರಡೂ ಸರಿ ಇದ್ದು, ಬ್ರೇಕ್ ಹಿಡಿದ ಜಾಗ ತಪ್ಪಾಗಿರುತ್ತದೆ. ಯಾವುದು ಅಂತ ನೋಡದೆ ಹೊಸ ಟೈರ್ ಹಾಕಿಸಿದರೆ ದುಡ್ಡು ದಂಡ. ಏನೂ ಮಾಡದೆ ಸುಮ್ನೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ನೆಲ ಕಾಣುತ್ತೀರಿ.

ಇದನ್ನು ಮುಖ್ಯವಾಗಿ ಬೈಕು, ಸ್ಕೂಟರ್ ಓಡಿಸುವವರಿಗೆ ಬರೆಯುತ್ತಿದ್ದೇನೆ. ನಾನಿರುವುದು ಮೈಸೂರಿನಲ್ಲಿ. ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್, ಹಾರ್ಡಿಂಜ್ ಸರ್ಕಲ್ ಅಂತ ಅರಮನೆಯ ಸುತ್ತಲೇ ದೊಡ್ಡ ದೊಡ್ಡ ವೃತ್ತಗಳು, ಅವನ್ನು ಸುತ್ತದೆ ಇಲ್ಲಿ ಯಾವ ಕೆಲಸವೂ ಆಗುವುದಿಲ್ಲ. ಆದರೆ ಇಲ್ಲಿ ಹೇಳಿದ್ದು ಯಾವ ಊರಿನ ಸರ್ಕಲ್‌ಗಾದರೂ ಹೊಂದುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ

ಆ ಜಾಗದಲ್ಲಿ ಎಲ್ಲರೂ ಜಾರುತ್ತಾರಾ, ಇಲ್ಲಾ ನೀವೊಬ್ಬರೇ ಎಲ್ಲ ಕಡೆ ಜಾರುತ್ತೀರಾ?

ಎಲ್ಲರೂ ಒಂದೇ ಜಾಗದಲ್ಲಿ ಜಾರುತ್ತಿದ್ದರೆ ತೊಂದರೆ ರಸ್ತೆಯಲ್ಲಿದೆ. ನೀವು ಮಾತ್ರ ಬೇರೆ ಬೇರೆ ಸರ್ಕಲ್‌ಗಳಲ್ಲಿ ಜಾರುತ್ತಿದ್ದರೆ ಗಾಡಿಯನ್ನೋ ಓಡಿಸುವ ರೀತಿಯನ್ನೋ ನೋಡಬೇಕು. ಇದನ್ನು ತಿಳಿಯಲು ಒಂದು ಪೈಸೆ ಖರ್ಚಿಲ್ಲ. ಸರ್ಕಲ್ ಪಕ್ಕದ ಟೀ ಅಂಗಡಿಯವರನ್ನೋ, ಹೂವು ಮಾರುವವರನ್ನೋ, ಆಟೋ ಸ್ಟ್ಯಾಂಡಿನವರನ್ನೋ ಕೇಳಿ: "ಅಣ್ಣಾ, ಇಲ್ಲಿ ಗಾಡಿಯವರು ಬೀಳ್ತಾ ಇರ್ತಾರಾ?" ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರುವ ಅವರಿಗೆ ಯಾವ ಮೂಲೆ, ಯಾವ ಹೊತ್ತು, ಮಳೆ ಬಂದಾಗಲೋ ಬಾರದಾಗಲೋ ಎಲ್ಲ ಗೊತ್ತಿರುತ್ತದೆ. ಟ್ರಾಫಿಕ್ ಪೊಲೀಸರಿಗೂ ಗೊತ್ತಿರುತ್ತದೆ.

ಆಮೇಲೆ ನಿಮ್ಮದೇ ಜಾರಾಟವನ್ನು ನೆನಪು ಮಾಡಿಕೊಳ್ಳಿ. ಸರ್ಕಲ್ ಒಳಗೆ ಬರುವಾಗ ಜಾರಿತಾ, ಸುತ್ತುವಾಗಲಾ, ಹೊರಗೆ ಹೋಗುವಾಗಲಾ? ಮುಂದಿನ ಚಕ್ರವಾ, ಹಿಂದಿನದಾ? ರಸ್ತೆ ಒದ್ದೆ ಇತ್ತಾ? ಆ ಕ್ಷಣಕ್ಕೆ ಕೈ ಬ್ರೇಕ್ ಮೇಲಿತ್ತಾ, ಆಕ್ಸಿಲರೇಟರ್ ಮೇಲಿತ್ತಾ? ಚಕ್ರ ಯಾವುದು ಅಂತ ಗೊತ್ತಾಗದಿದ್ದರೆ ಹೀಗೆ ನೋಡಿ. ಮುಂದಿನದು ಜಾರಿದರೆ ಹ್ಯಾಂಡಲ್ ಒಮ್ಮೆಲೇ ಹಗುರಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ, ಏನಾಯಿತು ಅನ್ನುವಷ್ಟರಲ್ಲಿ ಕೆಳಗಿರುತ್ತೀರಿ. ಹಿಂದಿನದು ಜಾರಿದರೆ ಸೀಟಿನ ಕೆಳಗೆ ಗಾಡಿ ಹೊರಕ್ಕೆ ಸರಿದದ್ದು ಗೊತ್ತಾಗುತ್ತದೆ, ಸರಿಪಡಿಸಿಕೊಳ್ಳಲು ಒಂದಿಷ್ಟು ಸಮಯವೂ ಸಿಗುತ್ತದೆ.

ಒಂದು ಎಚ್ಚರಿಕೆ. ರಸ್ತೆ ನೋಡಲು ಹೋದಾಗ ಫುಟ್‌ಪಾತ್ ಮೇಲೆ ನಿಂತೇ ನೋಡಿ. ಓಡಾಡುವ ಸರ್ಕಲ್ ಮಧ್ಯೆ ಬಗ್ಗಿ ಕುಳಿತು ಕೈಯಿಂದ ಮುಟ್ಟಿ ನೋಡಲು ಹೋಗಬೇಡಿ. ನೀವು ಜಾರಿದ ಜಾಗದಲ್ಲೇ ಇನ್ನೊಬ್ಬರು ಜಾರಿ ನಿಮ್ಮ ಮೇಲೆ ಬರುತ್ತಾರೆ.

ನೇರ ರಸ್ತೆಯಲ್ಲಿ ಜಾರದ ಗಾಡಿ ಇಲ್ಲೇ ಯಾಕೆ ಜಾರುತ್ತದೆ?

ನಮ್ಮಲ್ಲಿ ಎಡಗಡೆ ಓಡಿಸುತ್ತೇವೆ, ಸರ್ಕಲ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತೇವೆ. ಹಾಗಾಗಿ ಒಳಗೆ ಬರುವಾಗ ಗಾಡಿ ಎಡಕ್ಕೆ ವಾಲುತ್ತದೆ, ಸುತ್ತುವಾಗ ಬಲಕ್ಕೆ, ಹೊರಬೀಳುವಾಗ ಮತ್ತೆ ಎಡಕ್ಕೆ. ಕೆಲವೇ ಕ್ಷಣಗಳಲ್ಲಿ ಮೂರು ಸಲ. ಅದರ ನಡುವೆ ಬಸ್ಸು ಅಡ್ಡ ಬರುತ್ತದೆ, ಆಟೋ ನಿಲ್ಲುತ್ತದೆ, ಬ್ರೇಕ್ ಹಿಡಿಯುತ್ತೀರಿ.

ಟೈರಿಗೆ ರಸ್ತೆಯ ಮೇಲೆ ಸಿಗುವ ಹಿಡಿತಕ್ಕೆ ಒಂದು ಮಿತಿ ಇದೆ. ಒಂದೇ ರೊಟ್ಟಿಯನ್ನು ಇಬ್ಬರು ಹಂಚಿಕೊಂಡ ಹಾಗೆ, ಆ ಹಿಡಿತವನ್ನು ತಿರುಗುವುದಕ್ಕೂ ಬ್ರೇಕಿಗೂ ಹಂಚಬೇಕು. ತಿರುಗುವುದಕ್ಕೇ ಎಲ್ಲ ಖರ್ಚಾಗಿದ್ದರೆ ಬ್ರೇಕಿಗೆ ಉಳಿಯುವುದಿಲ್ಲ.

ಲೆಕ್ಕ ನೋಡಿ. 20 ಮೀಟರ್ ತ್ರಿಜ್ಯದ ತಿರುವು ಅಂತಿಟ್ಟುಕೊಳ್ಳಿ. ಒಣಗಿದ ಒಳ್ಳೆಯ ಡಾಂಬರು ರಸ್ತೆಯ ಘರ್ಷಣೆ, ಅಂದರೆ ಹಿಡಿತದ ಅಳತೆ, ಸುಮಾರು 0.7 ಇದ್ದರೆ ಗಂಟೆಗೆ 42 ಕಿ.ಮೀ. ಆಸುಪಾಸಿನಲ್ಲಿ ಹಿಡಿತ ಮುಗಿಯುತ್ತದೆ. ಘರ್ಷಣೆ ಅರ್ಧಕ್ಕೆ ಇಳಿದರೆ ಮಿತಿ 30 ಕಿ.ಮೀ. ಕಾಲು ಭಾಗಕ್ಕೆ ಇಳಿದರೆ 21 ಕಿ.ಮೀ. ಇದು ಬ್ರೇಕ್ ಮುಟ್ಟದೆ ಹೋದರೆ ಮಾತ್ರ. 21 ಅಂದರೆ ನಮಗೆ ನಿಧಾನವಾಗಿಯೇ ಹೋಗುತ್ತಿದ್ದೇವೆ ಅನ್ನಿಸುವ ವೇಗ, ಅಲ್ವಾ? ಡೀಸೆಲ್ ಬಿದ್ದ ಕಡೆ "ನಾನು ಸ್ಪೀಡೇ ಇರಲಿಲ್ಲ" ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಎಷ್ಟೋ ಸರ್ಕಲ್‌ಗಳಲ್ಲಿ ಮಳೆ ನೀರು ಹೊರಗಿನ ಚರಂಡಿಗೆ ಹರಿಯಲಿ ಅಂತ ರಸ್ತೆಯನ್ನು ಹೊರಕ್ಕೆ ಇಳಿಜಾರು ಮಾಡಿರುತ್ತಾರೆ. ಸಾಮಾನ್ಯ ತಿರುವಿನಲ್ಲಿ ಇಳಿಜಾರು ಒಳಕ್ಕಿದ್ದು ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ ಉಲ್ಟಾ, ಗಾಡಿಯನ್ನು ಹೊರಕ್ಕೆ ಬಿಡುತ್ತದೆ.

ಮಳೆ ಶುರುವಾದ ಹೊಸದರಲ್ಲಿ ಮಾತ್ರ ಜಾರುತ್ತದೆ, ಆಮೇಲೆ ಇಲ್ಲ

ಇದು ರಸ್ತೆ ಕೆಟ್ಟಿದ್ದರ ಲಕ್ಷಣ ಅಲ್ಲ, ಗಾಡಿ ಕೆಟ್ಟಿದ್ದರದ್ದೂ ಅಲ್ಲ. ತಿಂಗಳುಗಟ್ಟಲೆ ಬಿಸಿಲಿನಲ್ಲಿ ಎಂಜಿನ್ ಆಯಿಲ್ ಹನಿ, ಟೈರಿನ ರಬ್ಬರ್ ಪುಡಿ, ಧೂಳು ಎಲ್ಲ ರಸ್ತೆಗೆ ಅಂಟಿರುತ್ತದೆ. ಏಪ್ರಿಲ್, ಮೇ ತಿಂಗಳ ಮೊದಲ ಮಳೆ ನಾಲ್ಕು ಹನಿ ಬಿದ್ದು ನಿಂತರೆ ಅದೆಲ್ಲ ನೆನೆದು ತೆಳುವಾದ ಜಿಡ್ಡು ಆಗುತ್ತದೆ. ಜೋರಾಗಿ ಹೊಡೆದರೆ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಜೋರು ಮಳೆಗಿಂತ ತುಂತುರಿನಲ್ಲೇ ಜಾಸ್ತಿ ಹುಷಾರಾಗಿರಬೇಕು. ಗಾಡಿ ನಿಲ್ಲಿಸಿ ಒಂದಿಷ್ಟು ಹೊತ್ತು ಟೀ ಕುಡಿಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಆದರೆ ಮಳೆಗಾಲ ಹಿಡಿದು ನಾಲ್ಕು ಸಲ ಚೆನ್ನಾಗಿ ತೊಳೆದ ಮೇಲೂ ಅದೇ ಜಾಗ ಜಾರುತ್ತಿದ್ದರೆ ಕಾರಣ ಬೇರೆ ಇದೆ.

ಮಳೆಯೇ ಇಲ್ಲ, ಆದರೂ ಇವತ್ತು ಇದ್ದಕ್ಕಿದ್ದಂತೆ ಜಾರಿತು

ನಿನ್ನೆ ಸರಿ ಇತ್ತು, ಇವತ್ತು ಜಾರಿತು ಅಂದರೆ ರಸ್ತೆ ಮೇಲೆ ಏನೋ ಬಿದ್ದಿದೆ. ಮೊದಲು ಅನುಮಾನ ಪಡಬೇಕಾದದ್ದು ಡೀಸೆಲ್. ಟ್ಯಾಂಕ್ ಫುಲ್ ಮಾಡಿಸಿ ಮುಚ್ಚಳ ಸರಿಯಾಗಿ ಹಾಕದ ಲಾರಿ, ಬಸ್ಸು ನೇರ ರಸ್ತೆಯಲ್ಲಿ ಹೋಗುವಾಗ ಏನೂ ಆಗುವುದಿಲ್ಲ. ಸರ್ಕಲ್ ತಿರುಗುವಾಗ ಒಳಗಿನ ಎಣ್ಣೆ ಒಂದು ಪಕ್ಕಕ್ಕೆ ತುಳುಕಿ ಹೊರಗೆ ಚೆಲ್ಲುತ್ತದೆ. ಹಾಗಾಗಿ ಅದು ಚೆಲ್ಲುವುದು ನೀವು ವಾಲುವ ಜಾಗದಲ್ಲೇ. ಪೆಟ್ರೋಲ್ ಬಿದ್ದರೆ ಬೇಗ ಆರಿಹೋಗುತ್ತದೆ, ಡೀಸೆಲ್ ಹಾಗಲ್ಲ, ಗಂಟೆಗಟ್ಟಲೆ ಉಳಿಯುತ್ತದೆ.

ಗುರುತು: ತಿರುವಿನ ಉದ್ದಕ್ಕೂ ಕಪ್ಪಗೆ ಒದ್ದೆಯಾದ ಪಟ್ಟೆ, ವಾಸನೆ, ನೀರು ತಾಗಿದರೆ ಕಾಮನಬಿಲ್ಲಿನ ಬಣ್ಣ. ರಾತ್ರಿ ಬಣ್ಣ ಕಾಣುವುದಿಲ್ಲ, ಮೂಗೇ ಗತಿ. ಹೆಲ್ಮೆಟ್ ಗಾಜು ಒಂದಿಷ್ಟು ಎತ್ತಿದರೆ ವಾಸನೆ ಸಿಗುತ್ತದೆ.

ಅದರ ಮೇಲೆ ಹೋಗಿಬಿಟ್ಟಿದ್ದರೆ ಬ್ರೇಕ್ ಹಿಡಿಯಬೇಡಿ, ಆಕ್ಸಿಲರೇಟರ್ ಏರಿಸಬೇಡಿ. ಗಾಡಿಯನ್ನು ಆದಷ್ಟು ನೆಟ್ಟಗೆ ಮಾಡಿ ದಾಟಲು ಬಿಡಿ. ಹೊರಗಿನ ಲೇನಿಗೆ ಸರಿದು ಹೋದರೂ ಪರವಾಗಿಲ್ಲ, ಪಕ್ಕದಲ್ಲಿ ಗಾಡಿ ಇಲ್ಲದಿದ್ದರೆ ಮಾತ್ರ. ದಾಟಿದ ಮೇಲೂ ಟೈರಿಗೆ ಎಣ್ಣೆ ಹತ್ತಿರುತ್ತದೆ, ಮುಂದಿನ ಒಂದೆರಡು ತಿರುವು ತುಂಬಾ ನಿಧಾನ. ಮನೆಗೆ ಹೋಗಿ ಟೈರನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ.

ರಸ್ತೆಯ ಮೇಲಿನ ಡೀಸೆಲ್‌ಗೆ ನೀರು ಹಾಕಿ ತೊಳೆಯಲು ಹೋಗುವುದನ್ನು ನೋಡಿದ್ದೇನೆ, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಎಣ್ಣೆ ನೀರಿನ ಮೇಲೆ ತೇಲಿ ಇನ್ನೂ ಅಗಲಕ್ಕೆ ಹರಡುತ್ತದೆ. ಮರದ ಪುಡಿ ಅಥವಾ ಮರಳು ಹಾಕಿ ಹೀರಿಕೊಳ್ಳಲು ಬಿಟ್ಟು, ಆಮೇಲೆ ಗುಡಿಸಿ ತೆಗೆಯಬೇಕು. ಮರಳು ಅಲ್ಲೇ ಬಿಟ್ಟರೆ ಅದರಿಂದ ಇನ್ನೊಬ್ಬರು ಬೀಳುತ್ತಾರೆ. ಇದನ್ನು ಗಾಡಿಗಳ ನಡುವೆ ನೀವೊಬ್ಬರೇ ಮಾಡಬೇಡಿ. 112ಕ್ಕೆ ಫೋನ್ ಮಾಡಿ, ಇಲ್ಲಾ ಹತ್ತಿರದ ಟ್ರಾಫಿಕ್ ಪೊಲೀಸರಿಗೆ ಹೇಳಿ. ಅವರು ಗಾಡಿಗಳನ್ನು ತಡೆದು ನಿಲ್ಲಿಸಿದ ಮೇಲೆ ಕೈ ಜೋಡಿಸಿ.

ಎರಡನೆಯದು ಮರಳು, ಜಲ್ಲಿ. ತುಂಬಿದ ಟಿಪ್ಪರ್ ಸರ್ಕಲ್ ತಿರುಗುವಾಗ ಎಂ-ಸ್ಯಾಂಡ್ ಉದುರುತ್ತದೆ. ಚಕ್ರಗಳು ಓಡಾಡುವ ದಾರಿಯಿಂದ ಅದು ಚದುರಿ, ನಡುವಿನ ವೃತ್ತದ ಅಂಚಿಗೆ ಮತ್ತು ಎರಡು ಲೇನುಗಳ ನಡುವೆ ಕೂರುತ್ತದೆ. ಬೈಕಿನವರು ಬಸ್ಸಿನ ಪಕ್ಕ ನುಸುಳುವುದೂ ಅಲ್ಲೇ! ಒಣಗಿದ್ದಾಗ ಜಾರಿ, ಮಳೆ ಬಂದ ಮೇಲೆ ಕಡಿಮೆ ಆದರೆ ಮರಳೇ ಅಂತ ತಿಳಿಯಬಹುದು. ಡೀಸೆಲ್ ಆದರೆ ಮಳೆಗೆ ಇನ್ನೂ ಜಾಸ್ತಿ ಆಗುತ್ತದೆ.

ಇನ್ನು ಕಾಲಕ್ಕೆ ತಕ್ಕ ಹಾಗೆ ಬರುವ ಕಾರಣಗಳು. ಆಯುಧಪೂಜೆಯ ದಿನ ಮತ್ತು ಮರುದಿನ ರಸ್ತೆ ತುಂಬಾ ಒಡೆದ ಬೂದುಗುಂಬಳಕಾಯಿ. ಸರ್ಕಲ್‌ಗಳಲ್ಲಂತೂ ಕೇಳಲೇಬೇಡಿ. ತಿರುಳಿನ ಮೇಲೆ ಚಕ್ರ ಹತ್ತಿದರೆ ಒಣ ರಸ್ತೆಯಲ್ಲೂ ನಿಲ್ಲುವುದಿಲ್ಲ. ದೃಷ್ಟಿ ತೆಗೆಯುವುದು ನಂಬಿಕೆ, ಅದನ್ನು ಯಾರೂ ಬೇಡ ಅನ್ನುತ್ತಿಲ್ಲ, ಆದರೆ ಒಡೆದ ಮೇಲೆ ಆ ಹೋಳುಗಳನ್ನು ಪಕ್ಕಕ್ಕೆ ಹಾಕಲು ಎರಡು ನಿಮಿಷ ಸಾಕು. ನಮ್ಮ ಗಾಡಿಗೆ ಒಳ್ಳೆಯದಾಗಲಿ ಅಂತ ಒಡೆದದ್ದು ಇನ್ನೊಬ್ಬರ ಕೈಕಾಲು ಮುರಿಯಬಾರದು. ಜೂನ್ ಹೊತ್ತಿಗೆ ನೇರಳೆ ಮರದ ಕೆಳಗೆ ಹಣ್ಣು ಉದುರಿ ನಜ್ಜುಗುಜ್ಜಾಗಿ ರಸ್ತೆ ನೇರಳೆ ಬಣ್ಣ ಆಗಿರುತ್ತದೆ, ಅದೂ ಜಾರುತ್ತದೆ. ಮಳೆಗೆ ನೆನೆದ ಎಲೆ, ಹೂವಿನ ರಾಶಿಯೂ ಅಷ್ಟೇ. ಊರಾಚೆಯ ಜಂಕ್ಷನ್‌ಗಳಲ್ಲಿ ಸುಗ್ಗಿಯ ಕಾಲದಲ್ಲಿ ಹುರುಳಿ, ರಾಗಿ ಒಕ್ಕಣೆಗೆ ಹರಡಿರುತ್ತಾರೆ. ಹುರುಳಿ ಕಡ್ಡಿ ಮೇಲೆ ಬ್ರೇಕ್ ಹಿಡಿಯಲೇಬೇಡಿ.

ಒದ್ದೆಯಾದಾಗಲೆಲ್ಲ ಅದೇ ಜಾಗ, ವರ್ಷಗಳಿಂದ

ಇದು ರಸ್ತೆಯದೇ ದೋಷ. ಮೊದಲು ಸುಲಭವಾಗಿ ಕಣ್ಣಿಗೆ ಕಾಣುವುದನ್ನು ನೋಡಿ: ನೀವು ಜಾರಿದ ಗೆರೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ಜಾಲರಿ, ಜೀಬ್ರಾ ಪಟ್ಟೆ ಇದೆಯಾ? ಒದ್ದೆ ಕಬ್ಬಿಣ, ಒದ್ದೆ ಬಣ್ಣ ಎರಡೂ ಜಾರುತ್ತವೆ. ಜೀಬ್ರಾ ಪಟ್ಟೆ ಇರುವುದು ಸರ್ಕಲ್‌ನ ಬಾಯಲ್ಲಿ, ಅಂದರೆ ಸರಿಯಾಗಿ ಬ್ರೇಕ್ ಹಿಡಿಯುವ ಜಾಗದಲ್ಲಿ. ಪಟ್ಟೆಗಿಂತ ಮೊದಲೇ ಬ್ರೇಕ್ ಮುಗಿಸಿ, ಮುಚ್ಚಳವನ್ನು ತಪ್ಪಿಸಲಾಗದಿದ್ದರೆ ನೆಟ್ಟಗೆ ದಾಟಿ.

ಅದೇನೂ ಇಲ್ಲವಾದರೆ ಡಾಂಬರಿನ ಮುಖವನ್ನೇ ನೋಡಬೇಕು. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫುಟ್‌ಪಾತ್ ಮೇಲಿಂದ ನೋಡಿದರೆ ಎರಡು ತರಹದ ಹೊಳಪು ಕಾಣಬಹುದು.

ಒಂದರಲ್ಲಿ ಜಲ್ಲಿ ಕಲ್ಲುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಆದರೆ ಅವುಗಳ ತಲೆ ನುಣ್ಣಗೆ ಹೊಳೆಯುತ್ತದೆ. ಲಕ್ಷಾಂತರ ಟೈರುಗಳು ಉಜ್ಜಿ ಉಜ್ಜಿ ಕಲ್ಲಿನ ಒರಟು ಹೋಗಿದೆ. ಸರ್ಕಲ್‌ನಲ್ಲಿ ಟೈರ್ ಬರೀ ಉರುಳುವುದಿಲ್ಲ, ಪಕ್ಕಕ್ಕೂ ಉಜ್ಜುತ್ತದೆ, ಅದಕ್ಕೇ ಇಲ್ಲಿ ಬೇಗ ಸವೆಯುತ್ತದೆ. ಒಣಗಿದ್ದಾಗ ಏನೂ ಗೊತ್ತಾಗುವುದಿಲ್ಲ, ನೀರು ಬಿದ್ದ ಕೂಡಲೇ ಹಿಡಿತ ಹೋಗುತ್ತದೆ.

ಇನ್ನೊಂದರಲ್ಲಿ ಕಲ್ಲೇ ಕಾಣುವುದಿಲ್ಲ. ಕಪ್ಪಗೆ, ಗಾಜಿನಂತೆ ನುಣ್ಣಗಿನ ತೇಪೆ. ಇದು ಡಾಂಬರು ಉಕ್ಕಿದ್ದು. ಹಾಕುವಾಗ ಡಾಂಬರು ಜಾಸ್ತಿ ಆಗಿದ್ದರೆ, ಬೇಸಿಗೆಯ ಕಾವಿಗೆ ಮತ್ತು ಲಾರಿಗಳ ಭಾರಕ್ಕೆ ಅದು ಕಲ್ಲಿನ ಸಂದಿಯಿಂದ ಮೇಲೆ ಬಂದು ಕಲ್ಲನ್ನೇ ಮುಚ್ಚಿಬಿಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅಂಥ ಕಡೆ ಚಪ್ಪಲಿ ಅಂಟಿದ ಹಾಗಾಗುತ್ತದೆ.

ಎರಡಕ್ಕೂ ಮದ್ದು ಬೇರೆ ಬೇರೆ. ಉಕ್ಕಿದ ಡಾಂಬರಿಗೆ ಬಿಸಿ ಮಾಡಿದ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಹಾಕಿ ರೋಲರ್ ಹೊಡೆದು ಹೀರಿಸಬಹುದು. ಸವೆದ ಕಲ್ಲಿಗೆ ಮೇಲ್ಪದರ ಕೆರೆದು ಹೊಸ ಪದರವನ್ನೇ ಹಾಕಬೇಕು. ತೊಳೆದರೆ, ಗುಡಿಸಿದರೆ ಇದು ಹೋಗುವುದಿಲ್ಲ. ಈ ಜಾಗದಲ್ಲಿ ನಿಮ್ಮ ಟೈರ್ ಬದಲಿಸಿದರೂ ಪ್ರಯೋಜನ ಕಮ್ಮಿ.

ಕರಾವಳಿ, ಮಲೆನಾಡಿನವರು ಇದಕ್ಕೆ ಪಾಚಿಯನ್ನೂ ಸೇರಿಸಿಕೊಳ್ಳಬೇಕು. ಕಾಂಕ್ರೀಟ್ ರಸ್ತೆಯ ಅಂಚಿನಲ್ಲಿ, ಇಂಟರ್‌ಲಾಕ್ ಕಲ್ಲಿನ ಮೇಲೆ, ಬಿಸಿಲು ಬೀಳದ ಮರದ ನೆರಳಿನಲ್ಲಿ ಹಸಿರು ಮಿಶ್ರಿತ ಕಪ್ಪು ಕಂಡರೆ ಆ ಅಂಚಿಗೆ ಹೋಗಬೇಡಿ.

ಒಳಗೆ ಬರುವಾಗ ಬ್ರೇಕ್ ಹಿಡಿದ ಕೂಡಲೇ ಮುಂದಿನ ಚಕ್ರ ಹೋಗುತ್ತದೆ

ರಸ್ತೆ ಸರಿ ಇದ್ದೂ ಹೀಗಾಗುತ್ತಿದ್ದರೆ ಬಹಳ ಸಲ ಕಾರಣ ಬ್ರೇಕ್ ಹಿಡಿದ ಹೊತ್ತು. ಗಾಡಿ ಎಡಕ್ಕೆ ವಾಲಿದ ಮೇಲೆ, ಬಲಗಡೆಯಿಂದ ಬಂದ ಗಾಡಿ ನೋಡಿ ಗಾಬರಿಯಿಂದ ಬ್ರೇಕ್ ಒತ್ತಿರುತ್ತೀರಿ. ಸರ್ಕಲ್ ಒಳಗೆ ಆಗಲೇ ಇರುವವರಿಗೆ ದಾರಿ ಬಿಡಬೇಕು ಅನ್ನುವ ನಿಯಮ ಬರೀ ಶಿಸ್ತಿಗಲ್ಲ. ಬಾಯಲ್ಲೇ ನಿಧಾನ ಮಾಡಿ, ನೋಡಿ, ಆಮೇಲೆ ನುಗ್ಗಿದರೆ ವಾಲಿದ ಮೇಲೆ ಬ್ರೇಕ್ ಬೇಕಾಗುವುದೇ ಇಲ್ಲ. ಒಂದು ವಾರ ಹೀಗೆ ಮಾಡಿ ನೋಡಿ. ಜಾರುವುದು ನಿಂತರೆ ಗಾಡಿಗೆ ದುಡ್ಡು ಹಾಕುವ ಅಗತ್ಯವಿಲ್ಲ.

"ನನ್ನ ಗಾಡಿಗೆ ಎಬಿಎಸ್ ಇದೆ, ಜಾರಲ್ಲ" ಅನ್ನುವವರಿಗೆ: 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ, ಅದು ಒಳ್ಳೆಯದೇ. ಆದರೆ ಸಾಮಾನ್ಯ ಎಬಿಎಸ್ ಮಾಡುವುದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಕೆಲಸ. ವಾಲಿದ ಗಾಡಿ ಪಕ್ಕಕ್ಕೆ ಜಾರುವುದನ್ನು ಅದು ತಡೆಯುವುದಿಲ್ಲ. ಸ್ಕೂಟರಿನವರು ಇನ್ನೊಂದು ನೆನಪಿಡಿ. ಕಾಂಬಿ ಬ್ರೇಕ್ ಇರುವ ಗಾಡಿಯಲ್ಲಿ ಎಡಗೈ ಲಿವರ್ ಹಿಡಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಹಿಂದಿನದು ಮಾತ್ರ ಹಿಡಿದೆ ಅಂದುಕೊಂಡಿರುತ್ತೀರಿ, ಹಾಗಿರುವುದಿಲ್ಲ.

ಮೆತ್ತಗೆ ಹಿಡಿದರೂ ಬ್ರೇಕ್ ಗಕ್ಕನೆ ಕಚ್ಚಿದರೆ ಅದು ಗಾಡಿಯ ದೋಷ. ಡ್ರಮ್ ಬ್ರೇಕ್ ಆದರೆ ಶೂ ಸವೆದಿರಬಹುದು, ಒಳಗೆ ನೀರು, ಧೂಳು ಸೇರಿರಬಹುದು. ಡಿಸ್ಕ್ ಆದರೆ ಪ್ಯಾಡ್, ಕ್ಯಾಲಿಪರ್ ನೋಡಬೇಕು. ಮುಂದಿನ ಫೋರ್ಕ್ ಕೆಳಗೆ ಎಣ್ಣೆ ಜಿನುಗಿದೆಯಾ ಅಂತ ಬೆರಳಿಟ್ಟು ನೋಡಿ. ಆಯಿಲ್ ಸೀಲ್ ಹೋಗಿದ್ದರೆ ಎಣ್ಣೆ ಇಳಿದು ಡಿಸ್ಕಿಗೂ ಟೈರಿಗೂ ಬರುತ್ತದೆ. ಆ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಮೆಕ್ಯಾನಿಕ್ ಅನ್ನು ಕರೆಸಿ.

ಹಿಂದಿನ ಚಕ್ರ ಹೊರಕ್ಕೆ ಸರಿಯುತ್ತದೆ

ಸುತ್ತುವಾಗ ಸರಿದರೆ, ಗೇರ್ ಇಳಿಸಿದಿರಾ ನೋಡಿ. ಮೂರರಿಂದ ಎರಡಕ್ಕೆ ತಂದು ಕ್ಲಚ್ ಒಮ್ಮೆಲೇ ಬಿಟ್ಟರೆ ಎಂಜಿನ್ನೇ ಹಿಂದಿನ ಚಕ್ರವನ್ನು ತಡೆಯುತ್ತದೆ, ಬ್ರೇಕ್ ಒತ್ತಿದ ಹಾಗೇ. ಹೊರಬೀಳುವಾಗ ಸರಿದರೆ, ಗಾಡಿ ನೆಟ್ಟಗಾಗುವ ಮೊದಲೇ ಆಕ್ಸಿಲರೇಟರ್ ತಿರುವಿದ್ದೀರಿ. ಎರಡಕ್ಕೂ ಖರ್ಚಿಲ್ಲದ ಪರಿಹಾರ ಇದೆ: ಗೇರನ್ನು ಸರ್ಕಲ್‌ಗೆ ಮೊದಲೇ ಇಳಿಸಿ, ನೆಟ್ಟಗಾದ ಮೇಲೆ ಎಳೆಯಿರಿ.

ಎಡಕ್ಕೆ ವಾಲಿದಾಗ ಮಾತ್ರ ಹಿಂದೆ ಜಾರುತ್ತದೆ, ಬಲಕ್ಕೆ ಇಲ್ಲ ಅಂದರೆ ಇದು ಒಳ್ಳೆಯ ಸುಳಿವು. ಹೆಚ್ಚಿನ ಬೈಕುಗಳಲ್ಲಿ ಚೈನ್ ಎಡಗಡೆ ಇರುತ್ತದೆ. ಚೈನಿಗೆ ಎಣ್ಣೆ ಜಾಸ್ತಿ ಹಾಕಿ ಒರೆಸದೆ ಹೊರಟಿದ್ದರೆ ಅದು ಸಿಡಿದು ಟೈರಿನ ಎಡ ಅಂಚಿಗೆ ಹತ್ತಿರುತ್ತದೆ. ಬಟ್ಟೆಯಿಂದ ಒರೆಸಿ ನೋಡಿ, ಕಪ್ಪು ಜಿಡ್ಡು ಬಂದರೆ ಸೋಪು ನೀರಿನಲ್ಲಿ ತೊಳೆಯಿರಿ.

ಗಾಡಿಯನ್ನು ವಾಟರ್ ಸರ್ವೀಸ್‌ಗೆ ಬಿಟ್ಟು ತಂದ ದಿನವೇ ಜಾರಿದರೆ? ಕೆಲವು ಕಡೆ ತೊಳೆದಾದ ಮೇಲೆ ಹೊಳಪಿಗೆ ಅಂತ ಡೀಸೆಲ್ ಸ್ಪ್ರೇ ಹೊಡೆಯುತ್ತಾರೆ, ಟೈರಿಗೆ ಪಾಲಿಶ್ ಬಳಿಯುತ್ತಾರೆ. ಅದು ಟೈರಿನ ಓಡುವ ಮುಖಕ್ಕೆ, ಬ್ರೇಕಿಗೆ ತಾಗಿದರೆ ಬಹಳ ಅಪಾಯ. ಬಿಡುವಾಗಲೇ "ಟೈರಿಗೆ, ಬ್ರೇಕಿಗೆ ಏನೂ ಹೊಡೀಬೇಡಿ" ಅಂತ ಹೇಳಿಬಿಡಿ.

ಎಲ್ಲ ಸರ್ಕಲ್‌ನಲ್ಲೂ ಗಾಡಿ ತೇಲಿದ ಹಾಗೆ

ಟೈರ್ ನೋಡುವ ಹೊತ್ತು ಬಂತು. ಮೊದಲು ಗಾಳಿ. ಬೆಳಗ್ಗೆ ಗಾಡಿ ತಣ್ಣಗಿರುವಾಗ ಹತ್ತಿರದ ಬಂಕಿನಲ್ಲಿ ಚೆಕ್ ಮಾಡಿಸಿ, ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವಷ್ಟೇ ಹಾಕಿಸಿ. ಹಿಂದೆ ಗಾಳಿ ಕಮ್ಮಿ ಇದ್ದರೆ ವಾಲಿದಾಗ ಟೈರ್ ಮಡಚಿಕೊಂಡು ಗಾಡಿ ತೇಲುತ್ತದೆ, ನಿಮಗೆ ಜಾರಿದ ಹಾಗೇ ಅನ್ನಿಸುತ್ತದೆ. ಜಾರಾಟ ಅಂತ ಅಂದುಕೊಂಡ ಎಷ್ಟೋ ಪ್ರಕರಣ ನಿಧಾನವಾಗಿ ಗಾಳಿ ಬಿಡುತ್ತಿರುವ ಪಂಕ್ಚರ್ ಆಗಿರುತ್ತದೆ. ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ಇಳಿದಿದ್ದರೆ ಪಂಕ್ಚರ್ ಅಂಗಡಿಗೆ ಹೋಗಿ.

ಗಾಳಿ ಸರಿ ಇದ್ದರೆ ಗೆರೆಗಳ ಆಳ. ಟೈರ್ ಪಕ್ಕದಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ, ಅದರ ನೇರಕ್ಕೆ ಗೆರೆಯ ಒಳಗೆ ಒಂದು ಉಬ್ಬು ಇರುತ್ತದೆ. ರಬ್ಬರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ದ್ವಿಚಕ್ರಕ್ಕೆ ಗೆರೆ 0.8 ಮಿ.ಮೀ., ಕಾರಿಗೆ 1.6 ಮಿ.ಮೀ. ಅಂತ ನಿಯಮ ಕನಿಷ್ಠ ಮಿತಿ ಇಟ್ಟಿದೆ. ಮಳೆಗಾಲಕ್ಕೆ ಅಷ್ಟರವರೆಗೆ ಕಾಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಗೆರೆಗಳ ಕೆಲಸವೇ ನೀರನ್ನು ಹೊರಗೆ ಹಾಕುವುದು.

ಗೆರೆ ಇದೆ, ಆದರೂ ಜಾರುತ್ತದೆ ಅಂದರೆ ಆಕಾರ ಮತ್ತು ವಯಸ್ಸು ನೋಡಿ. ಹೈವೇಯಲ್ಲಿ ನೇರ ಓಡಿದ ಟೈರ್ ನಡುವೆ ಮಾತ್ರ ಸವೆದು ಚಪ್ಪಟೆಯಾಗಿರುತ್ತದೆ. ವಾಲಿಸಿದಾಗ ಆ ಚಪ್ಪಟೆಯ ಅಂಚು ದಾಟುವ ಹೊತ್ತಿಗೆ ಗಾಡಿ ಒಮ್ಮೆ ದಿಢೀರನೆ ಜಾಸ್ತಿ ವಾಲಿಬಿಡುತ್ತದೆ. ವಯಸ್ಸು ತಿಳಿಯಲು ಟೈರ್ ಪಕ್ಕದ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. 5 ವರ್ಷ ದಾಟಿದ್ದರೆ ಅನುಮಾನ ಇಟ್ಟುಕೊಳ್ಳಿ. ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದೆ, ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ಗೆರೆ ಎಷ್ಟೇ ಇದ್ದರೂ ಆ ರಬ್ಬರ್ ಗಟ್ಟಿಯಾಗಿದೆ. ವರ್ಷಗಟ್ಟಲೆ ನಿಂತೇ ಇದ್ದ ಗಾಡಿಗಳಲ್ಲಿ ಇದು ಸಾಮಾನ್ಯ. ಹೊಸ ಟೈರೂ ಮೊದಲ ನೂರು, ನೂರೈವತ್ತು ಕಿ.ಮೀ. ಜಾರುತ್ತದೆ, ಮೇಲಿನ ನುಣುಪು ಹೋಗುವವರೆಗೆ ಮೆತ್ತಗೆ ಓಡಿಸಿ.

ಟೈರೂ ಸರಿ ಇದ್ದು ಗಾಡಿ ಅಲುಗಾಡುತ್ತಿದ್ದರೆ ಮೆಕ್ಯಾನಿಕ್ ಕೆಲಸ. ನೀವು ಇಷ್ಟು ನೋಡಬಹುದು: ಮೇನ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದು ಮುಂದಿನ ಚಕ್ರ ಎತ್ತಲಿ. ಹ್ಯಾಂಡಲನ್ನು ನಿಧಾನ ತಿರುಗಿಸಿದಾಗ ನಡುವೆ ಕಚ್ಚಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಹೋಗಿದೆ. ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕ್ ಟಕ್ ಅಂದರೂ ಅದೇ. ಚಕ್ರ ಪಕ್ಕಕ್ಕೆ ಆಡಿದರೆ ಚಕ್ರದ ಬೇರಿಂಗ್. ಇವನ್ನು ಮನೆಯಲ್ಲಿ ಬಿಚ್ಚಬೇಡಿ. ಸರಿ ಮಾಡಿಸಿದ ಮೇಲೆ ಪರೀಕ್ಷೆ ಸರ್ಕಲ್‌ನಲ್ಲಿ ಬೇಡ, ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಹಾಕಿ, ನಿಧಾನವಾಗಿ.

ಕಾರು, ಆಟೋದವರಿಗೆ

ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿದ್ದರೆ ಮುಂದಿನ ಟೈರ್ ಹಿಡಿತ ಬಿಟ್ಟಿದೆ. ಇನ್ನೂ ಜಾಸ್ತಿ ತಿರುಗಿಸಬೇಡಿ, ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ಸ್ವಲ್ಪ ಸಡಿಲಿಸಿ, ಹಿಡಿತ ಬರುತ್ತದೆ. ಆಟೋ ಜಾರುವುದಕ್ಕಿಂತ ಮಗುಚುವುದು ಜಾಸ್ತಿ, ಅಲ್ಲಿ ವೇಗ ಒಂದೇ ಮದ್ದು.

ಇಲ್ಲಿಗೆ ನಿಲ್ಲಿಸಿ, ಸಹಾಯ ಕೇಳಿ

ಬಿದ್ದ ಮೇಲೆ ಎದ್ದು "ಏನಾಗಿಲ್ಲ" ಅಂತ ಹೊರಡುವುದು ನಮ್ಮ ಅಭ್ಯಾಸ. ತಲೆಗೆ ಪೆಟ್ಟು ಬಿದ್ದಿದ್ದರೆ, ವಾಂತಿ, ತಲೆಸುತ್ತು, ಮಂಪರು ಬಂದರೆ, ಏನಾಯಿತು ಅಂತ ನೆನಪಾಗದಿದ್ದರೆ, ಕುತ್ತಿಗೆ ಅಥವಾ ಹೊಟ್ಟೆ ನೋಯುತ್ತಿದ್ದರೆ ಗಾಡಿ ಮುಟ್ಟಬೇಡಿ. 108ಕ್ಕೆ ಫೋನ್ ಮಾಡಿಸಿ. ಹೆಲ್ಮೆಟ್ ಬಿರುಕು ಬಿಟ್ಟಿದ್ದರೆ, ಇಲ್ಲವೇ ನೆಲಕ್ಕೆ ಜೋರಾಗಿ ಬಡಿದಿದ್ದರೆ ಅದನ್ನು ಬದಲಿಸಿ. ಬಿದ್ದ ಗಾಡಿಯ ಹ್ಯಾಂಡಲ್ ಸೊಟ್ಟಗಾಗಿದ್ದರೆ, ಬ್ರೇಕ್ ಲಿವರ್ ಮುರಿದಿದ್ದರೆ, ಪೆಟ್ರೋಲ್ ಸೋರುತ್ತಿದ್ದರೆ ತಳ್ಳಿಕೊಂಡು ಪಕ್ಕಕ್ಕೆ ಹಾಕಿ, ಓಡಿಸಬೇಡಿ.

ಬೇರೆಯವರು ಬಿದ್ದದ್ದನ್ನು ಕಂಡರೆ ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ಕೈ ತೋರಿಸಿ ನಿಧಾನ ಮಾಡಿಸಿ, ಆಮೇಲೆ ಹತ್ತಿರ ಹೋಗಿ. ಕುತ್ತಿಗೆಗೆ ಪೆಟ್ಟಾದ ಅನುಮಾನ ಇದ್ದರೆ ಎಳೆದು ಎತ್ತಬೇಡಿ. ಪೊಲೀಸ್ ಕೇಸಿನ ಹೆದರಿಕೆ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರನ್ನು ಕಾಪಾಡುತ್ತದೆ.

ದೋಷ ರಸ್ತೆಯದೇ ಅಂತ ಗೊತ್ತಾದರೆ

ಊರೊಳಗಿನ ರಸ್ತೆಯಾದರೆ ಸಾಮಾನ್ಯವಾಗಿ ಪಾಲಿಕೆ ಅಥವಾ ಪುರಸಭೆ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್. ಬರೆದುಕೊಟ್ಟ ಅರ್ಜಿಯ ಒಂದು ಪ್ರತಿ ಟ್ರಾಫಿಕ್ ಠಾಣೆಗೂ ಕೊಡಿ, ಬಿದ್ದವರ ಲೆಕ್ಕ ಅವರ ಬಳಿ ಇರುತ್ತದೆ.

"ರೋಡ್ ಸರಿ ಇಲ್ಲ" ಅಂತ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ಮೇಲೆ ಪತ್ತೆ ಮಾಡಿದ್ದನ್ನೇ ಬರೆಯಿರಿ: ಯಾವ ಸರ್ಕಲ್, ಯಾವ ರಸ್ತೆಯಿಂದ ಬರುವ ಬಾಯಿ, ಒಳಗಾ ಹೊರಗಾ, ಒದ್ದೆಯಲ್ಲಾ ಒಣಗಿದ್ದಾಗಲಾ, ಕಲ್ಲು ಸವೆದಿದೆಯಾ ಡಾಂಬರು ಉಕ್ಕಿದೆಯಾ, ನೀರು ಎಲ್ಲಿ ನಿಲ್ಲುತ್ತದೆ. ಓರೆ ಬಿಸಿಲಿನಲ್ಲಿ ತೆಗೆದ ಫೋಟೋ ಒಂದು, ಮಳೆಯಲ್ಲಿ ತೆಗೆದದ್ದು ಒಂದು. ಆಟೋ ಸ್ಟ್ಯಾಂಡಿನವರ, ಅಂಗಡಿಯವರ ಸಹಿ ಸಿಕ್ಕರೆ ಇನ್ನೂ ಒಳ್ಳೆಯದು. ಸರ್ಕಲ್ ಹೇಗಿರಬೇಕು ಅನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 65 ಎಂಬ ಮಾರ್ಗಸೂಚಿ ಇದೆ, 2017ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ರಸ್ತೆ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಅಂತ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಹೇಳುತ್ತದೆ. ಅರ್ಜಿಯಲ್ಲಿ ಇವೆರಡನ್ನೂ ಹೆಸರಿಸಿ, ಸ್ವೀಕೃತಿ ಸಂಖ್ಯೆ ತೆಗೆದಿಟ್ಟುಕೊಳ್ಳಿ.

ರಿಪೇರಿ ಆದ ಮೇಲೆ ಮುಂದಿನ ಮಳೆಗೆ ಅದೇ ಅಂಗಡಿಯವರನ್ನು ಮತ್ತೆ ಕೇಳಿ. ಬೀಳುವುದು ನಿಂತಿಲ್ಲವಾದರೆ ಅದೇ ಸಂಖ್ಯೆ ಹಾಕಿ ಎರಡನೇ ಅರ್ಜಿ ಕೊಡಿ.